ಅಣಬೆ ಜಾಗದ ಕೆಂಪು ಗುರುತು

ಆರ್ವೋ ಮಹಾಶಯ,

ಮಾಂಸ ತುಂಬಿ ಬೇಯಿಸಿದ ಪ್ಯಾಸ್ಟಿ ಕಡುಬು ಓವನ್‌ನಲ್ಲಿದೆ. ನನ್ನ ಕೋಪ ಆರಲಿ ಅಂತ ಕಾಯಬೇಡ, ಅಷ್ಟರಲ್ಲಿ ಅದು ಹಳಸುತ್ತೆ.

ನಮ್ಮ ಅಣಬೆ ವ್ಯಾಪಾರದ ವೆಬ್‌ಸೈಟ್ ಯಾರ ಕಣ್ಣಿಗೂ ಬೀಳ್ತಿಲ್ಲ ಅಂತ ನೀನು ಅಂದೆ. "ನಾನು ಆರ್ವೋ, ನಿಮಗೇನು ಬೇಕು?" ಅಂತ ಬಂದವರನ್ನೆಲ್ಲ ಕೇಳೋ ಚಾಟ್ ಹಾಕಿದೆ. ಮನೇಲಿ ಒಂದು ದಿನವೂ ನನ್ನನ್ನ ಹಾಗೆ ಕೇಳಿದವನಲ್ಲ, ಅದಿರಲಿ. ಆಮೇಲೆ ಒತ್ತಿ ನೋಡೋ ಭೂಪಟ ಹಾಕಿ, ನಮ್ಮಪ್ಪನ ಅಣಬೆ ಜಾಗಕ್ಕೇ ಕೆಂಪು ಗುರುತು ಇಟ್ಟೆಯಲ್ಲ ಮಾರಾಯ! ಕಾಡಲ್ಲಿ ಅದು ಎಲ್ಲಿದೆ ಅಂತ ಸಾಯೋವಾಗ ಪಾದ್ರಿ ಕೇಳಿದ್ರೂ ಅಪ್ಪ ಬಾಯಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದ್ರೆ ಡೆಟ್ರಾಯಿಟ್‌ನಿಂದ ಬಂದ ಹದಿನಾಲ್ಕು ಕಾರು. ಒಬ್ಬಳು ನನಗೇ ಹೇಳ್ತಾಳೆ: "ಬೇಗ ಬನ್ನಿ ಅಕ್ಕಾ, ಖಾಲಿ ಆಗ್ತಿದೆ! ನೀವೂ ವೆಬ್‌ಸೈಟ್ ನೋಡೇ ಬಂದ್ರಾ?"

ಅಳಿದುಳಿದದ್ದನ್ನ ಆರಿಸೋಕೆ ಮತ್ತೆ ಹೊರಟಿದ್ದೀನಿ. ನಾಯಿಗೆ ಊಟ ಹಾಕು.

ಕೆಂಪು ಗುರುತು ತೆಗೆದಿಲ್ಲ, ಸ್ವಲ್ಪ ಸರಿಸಿದ್ದೀನಿ. ಮುರಿದ ಸೇತುವೆ ಕೆಳಗೆ ನೀನು ಟ್ರೌಟ್ ಮೀನು ಹಿಡಿಯೋ ಮಡುವಿದೆಯಲ್ಲ, ಹತ್ತೊಂಬತ್ತು ವರ್ಷದಿಂದ ನನಗೂ ಹೇಳದೆ ಬಚ್ಚಿಟ್ಟಿರೋದು, ಅಲ್ಲಿಗೆ. ನನಗೆ ಮೊದಲನೇ ವರ್ಷವೇ ಗೊತ್ತಿತ್ತು. ಅಪ್ಪನ ಮಗಳು, ಬಾಯಿ ಬಿಟ್ಟಿರಲಿಲ್ಲ ಅಷ್ಟೇ.

ಲೆಂಪಿ