ಮೇಲಿನ ಸ್ವರಕ್ಕೆ ಮುಂಚಿನ ಉಸಿರು

ಪ್ರಾಗ್, ೧೪ ನವೆಂಬರ್ ೧೭೮೮, ಶುಕ್ರವಾರ

ಪ್ರೀತಿಯ ಮಗಳು ಅಪೊಲೆನಾಗೆ,

ನಿನ್ನ ಗಂಟಲು ಈಗ ಹೇಗಿದೆ? ಮಂಗಳವಾರ ಎರಡನೆಯ ಅಂಕದಲ್ಲಿ ಕೆಮ್ಮು ನುಂಗಿಕೊಂಡದ್ದು ಕೇಳಿಸಿತು. ಬಿಸಿ ಹಾಲಿಗೆ ಜೇನು ಹಾಕಿಕೊಂಡು ಕುಡಿ. ನಾನು ಕ್ಷೇಮ, ಎರಡು ಹಲ್ಲು ಅಲುಗುತ್ತಿವೆ, ಬಸೂನ್ ಊದಲು ಉಳಿದವು ಸಾಕು.

ಹತ್ತು ಹೆಜ್ಜೆ ದೂರದಲ್ಲಿ ಹಾಡುವವಳಿಗೆ ಕಾಗದ ಬರೆಯುತ್ತಿದ್ದೇನೆ. ಐದು ವರ್ಷದ ಹಿಂದೆ ನೀನು ಇಟಲಿಯ ತಂಡದ ಜೊತೆ ಹೊರಟಾಗ, 'ಹೊಸ್ತಿಲು ದಾಟಿದ್ರೆ ನನ್ ಪಾಲಿಗೆ ಸತ್ತಂಗೆ' ಅಂದವನು ನಾನೇ. ಈಗ ಭಿತ್ತಿಪತ್ರದಲ್ಲಿ ನೀನು ನೇಪಲ್ಸಿನ ಸಿನ್ಯೋರಾ ಬೆಲ್ಲಾಂಟಿ. ನಮ್ಮ ಸಾಲಿನ ವಾದ್ಯದವರು ರಂಗಕ್ಕೆ ಬೆನ್ನು ಮಾಡಿ ಕೂರುವವರು; ಪಾತ್ರಗಳು ನಮಗೆ ಗೊತ್ತಾಗುವುದು ಅವರವರ ರಾಗದಿಂದ. ಈ ನಗೆನಾಟಕದಲ್ಲಿ ಒಡತಿಯ ವೇಷ ಹಾಕಿದ ಕೆಲಸದವಳಿಗೆ ಮೊದಲು ದೊಡ್ಡಮನೆಯವರ ನಿಧಾನದ, ಉದ್ದನೆಯ ಸಾಲುಗಳು. ಜಮೀನ್ದಾರ ಕೈ ಹಿಡಿದೊಡನೆ ಹೆದರಿ ಅವಳ ಹಾಡು ಅಡುಗೆಮನೆಯ ಕುಣಿತಕ್ಕೆ ಇಳಿಯುತ್ತದೆ. ಜನ ನಗುವುದು ಅಲ್ಲಿ. ಮೊದಲ ತಾಲೀಮಿನ ದಿನ ನಾನು ನಿನ್ನನ್ನು ಗುರುತಿಸಿದ್ದು ಅದಕ್ಕೂ ಮುಂಚೆ. ಪಾಠ ನಿನ್ನ ಕಂಠವನ್ನೇ ಬದಲಿಸಿದೆ, ಆದರೂ ಆ ಉದ್ದನೆಯ ಸಾಲಿನಲ್ಲಿ, ಮೇಲಿನ ಸ್ವರಕ್ಕೆ ಮುಂಚೆ, ಪದದ ನಡುವೆಯೇ ಉಸಿರೆಳೆದುಕೊಂಡೆ. ನಿನ್ನಮ್ಮ ಒಲೆಯ ಮುಂದಿನಿಂದ ಕೂಗುತ್ತಿದ್ದಳಲ್ಲ, 'ಏನೇ, ಹಾಡ್ತಿದೀಯೋ, ಬಾವಿಯಿಂದ ನೀರು ಸೇದ್ತಿದೀಯೋ?' ಅಂತ.

ನನ್ನ ಬೆರಳು ತಾನಾಗಿ ನಿಂತಿತು. ಹಿಂದೆ ಮನೆಯಲ್ಲಿ ಮಾಡುತ್ತಿದ್ದಂತೆ, ನಿನ್ನ ಉಸಿರು ಮುಗಿಯಲೆಂದು ಕಾದು ಊದಿದೆ. 'ಯಾರ್ರೀ ಅದು, ನಿದ್ದೆ ಬಂತಾ?' ಎಂದರು ನಮ್ಮನ್ನು ನಡೆಸುವ ಯಜಮಾನರು. ಪಕ್ಕದ ಪ್ರೊಕೋಪ್, 'ಇಟಲಿ ಹೆಣ್ಣು ಬಂದ್ಮೇಲೆ ಮುದುಕಂಗೆ ತಾಳ ತಪ್ತಿದೆ' ಎಂದ. ನಾನು ತಪ್ಪನ್ನು ವಯಸ್ಸಿನ ಮೇಲೆ ಹಾಕಿದೆ.

ಆಮೇಲಿಂದ ನೀನು ಅಲ್ಲಿ ಉಸಿರೆಳೆಯುತ್ತಿಲ್ಲ. ಕಾದವನು ಯಾರೆಂದು ನಿನಗೆ ತಿಳಿಯಿತು. ಅದನ್ನೇ ಉತ್ತರವೆಂದುಕೊಂಡಿದ್ದೇನೆ, ಸಿಟ್ಟಿಲ್ಲ. ನೀನು ಇಲ್ಲಿಯವಳೆಂದು ಗೊತ್ತಾದರೆ ಪಾತ್ರ ಕೈತಪ್ಪುತ್ತದೆ. ನನ್ನ ಬಾಯಿಂದ ಅದು ಹೊರಬೀಳದು. ಈ ಕಾಗದ ತಂದುಕೊಡುವ, ವೇಷದ ಬಟ್ಟೆ ನೋಡಿಕೊಳ್ಳುವ ಬಾರ್ಬೊರಾಗೆ ಓದಲು ಬಾರದು.

ದೇವರು ನಿನ್ನ ಕಂಠವನ್ನು ಕಾಯಲಿ.

ನಿನ್ನ ಅಪ್ಪ,
ಮಾತ್ಯೆಯ್

ತಾ.ಕ.: ಭಾನುವಾರ ನಿನ್ನಮ್ಮನನ್ನು ಕರೆತಂದು ಮೇಲಿನ ಅಟ್ಟಣಿಗೆಯಲ್ಲಿ ಕೂರಿಸುತ್ತೇನೆ. ಅವಳಿಗೆ ಏನೂ ಹೇಳಿಲ್ಲ. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು, ಮುಖ ಕಾಣಿಸದು. ಗುರುತು ಸಿಕ್ಕರೂ ಸದ್ದು ಮಾಡುವವಳಲ್ಲ. ಬೇಡವೆನಿಸಿದರೆ ಆ ಸಾಲನ್ನು ಒಂದೇ ಉಸಿರಿನಲ್ಲಿ ಹಾಡಿಬಿಡು. ಇಲ್ಲವಾದರೆ ಅಲ್ಲಿ ಉಸಿರೆಳೆದುಕೋ. ನಾನು ಕಾಯುತ್ತೇನೆ.