ಚೀಟಿಯಲ್ಲಿ ಬಂದ ವಾಕ್ಯ

ಮನೆ, ಮಾರ್ಚ್ 9, ಭಾನುವಾರ

ಪ್ರೀತಿಯ ತಂಗೀ,

ಉಗಿ ಪೈಪು ಸಿಡಿದದ್ದರ ಬಗ್ಗೆ ಮೊನ್ನೆ ಮಂಗಳವಾರ ನಡೆದ ವಿಚಾರಣೆಯಲ್ಲಿ ನಿಮ್ಮ ಲಾಂಡ್ರಿಯವರು ನಿನ್ನ ಇಂಗ್ಲಿಷ್ ಪಾಠವನ್ನು ನಿನ್ನ ತಪ್ಪೊಪ್ಪಿಗೆಯೆಂದು ತೋರಿಸಿದರು. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದೆನೆಂದು ಬೇಸರ ಮಾಡಿಕೊಳ್ಳಬೇಡ, ಹೊಟ್ಟೆ ಉರಿಯುತ್ತಿದೆ. ಕೈಯ ಸುಟ್ಟಗಾಯ ಮಾಗುತ್ತಿದೆಯೇ? ಪಟ್ಟಿ ಬದಲಿಸುವಾಗ ಹಲ್ಲು ಕಚ್ಚಿಕೊಂಡು ಸುಮ್ಮನಿರಬೇಡ, ಕೂಗು. ನಿನಗೆ ಕಾಗದ ಹಿಡಿಯಲಾಗದೆಂದು ಈ ಪತ್ರವನ್ನು ಆಸ್ಪತ್ರೆಯ ನರ್ಸಮ್ಮ ಓದಿ ಹೇಳುತ್ತಾರಂತೆ. ಅವರಿಗೆ ನನ್ನ ನಮಸ್ಕಾರ.

ಹೋಟೆಲುಗಳ ಚಾದರ ಒಗೆಯುವಲ್ಲಿ ಇಂಗ್ಲಿಷ್ ಯಾಕೆ ಬೇಕಿತ್ತೋ! 'ಕಲಿತವರನ್ನ ಕೌಂಟರಿಗೆ ಹಾಕ್ತಾರಂತೆ ಅಣ್ಣಾ' ಎಂದು ಕುಣಿದಾಡಿದ್ದೆ. ಪಾಳಿ ಮುಗಿದ ಮೇಲೆ ಒದ್ದೆ ಬಟ್ಟೆಗಳ ನಡುವೆ ನಿಂತು ಸಿಂಪಲ್ ಪ್ರೆಸೆಂಟ್ ಕಲಿತು, ಮನೆಗೆ ಬಂದು ಒಲೆಯ ಮುಂದೆ 'ನಾನು ಅಂದ್ರೆ ವಾಶ್, ಅವಳು ಅಂದ್ರೆ ವಾಶಸ್. ಅವಳು ಬಂದ ಕೂಡ್ಲೇ ಬಾಲ ಯಾಕೆ ಬರುತ್ತೆ?' ಎಂದು ನನ್ನ ತಲೆ ತಿನ್ನುತ್ತಿದ್ದೆ. 'ನಿನಗೂ ಒಂದಿದೆಯಲ್ಲೇ, ಕೋತಿ' ಎಂದರೆ ಸೌಟು ಎತ್ತುತ್ತಿದ್ದೆ.

ಲಾಂಡ್ರಿಯವರೇ ನೇಮಿಸಿದ್ದ ಮೇಷ್ಟ್ರು ಡಬ್ಬಿಯಲ್ಲಿ ಚೀಟಿ ಕುಲುಕಿ, ಯಾರಿಗೆ ಯಾವ ವಾಕ್ಯ ಬಂದರೂ ಅದು ತಾನು ದಿನಾ ಮಾಡುವ ಕೆಲಸವೆಂಬಂತೆ ಎಲ್ಲರ ಮುಂದೆ ಹೇಳಿಸುತ್ತಿದ್ದರು. ನಿನಗೆ ಬಂದದ್ದು 'ಐ ಚೆಕ್ ದ ಸ್ಟೀಮ್ ಪೈಪ್ ಎವ್ರಿ ಮಾರ್ನಿಂಗ್.' ವ್ಯವಸ್ಥಾಪಕರು ಅದನ್ನು ಫೋನಿನಲ್ಲಿ ಹಿಡಿದಿದ್ದರು. ಪೈಪು ಸಿಡಿದದ್ದು ಯಾರ ತಪ್ಪಿನಿಂದ ಎಂದು ಅಧಿಕಾರಿ ಕೇಳಿದಾಗ ಆ ವಿಡಿಯೊ ಓಡಿಸಿ, 'ಪೈಪು ನೋಡೋದು ಇವಳೇ, ಇವಳ ಬಾಯಲ್ಲೇ ಬಂದಿದೆ' ಎಂದರು. ನಿನ್ನನ್ನು ಇಸ್ತ್ರಿ ಮೇಜು ಬಿಟ್ಟು ಕದಲಲು ಬಿಡದ ಮಹಾನುಭಾವರು! ಮೇಷ್ಟ್ರನ್ನು ಕರೆಸಲೇ ಇಲ್ಲ. ನೀನು ಬಿದ್ದು ಬಿದ್ದು ನಗುತ್ತ ಹೇಳಿದ್ದು ನನಗೆ ನೆನಪಿತ್ತು. ಎದ್ದು ಕೇಳಿದೆ: 'ಚಹಾ ಮಾಡೋ ಚಿಕ್ಕಮ್ಮ ಐ ಫ್ಲೈ ದ ಪ್ಲೇನ್ ಅಂದ್ರಲ್ಲ, ಅವರು ವಿಮಾನ ಹಾರಿಸೋ ಭಾಗ ಯಾಕೆ ಕತ್ತರಿಸಿದ್ರಿ ಸ್ವಾಮಿ?' ಕೂತವರೆಲ್ಲ ನಕ್ಕರು. ಅಧಿಕಾರಿ ನಗಲಿಲ್ಲ, ನನ್ನನ್ನು ಹೊರಗೆ ಕಳಿಸಿದರು.

ಲಾಂಡ್ರಿಯವರು ಮರೆತಿರಬಹುದು, ನಾನು ಮರೆತಿಲ್ಲ. ಅಪ್ಪ ಅಲ್ಲಿ ಕೆಲಸಕ್ಕಿದ್ದಾಗ ಸರಕಿನ ಲಿಫ್ಟ್ ಕುಸಿದು ಇಬ್ಬರ ಕಾಲು ಹೋಯಿತು. ಕಸ ಗುಡಿಸುವ ತಾತನದೇ ತಪ್ಪೆಂದು ಬರೆದು, ಓದು ಬಾರದ ಆತನ ಹೆಬ್ಬೆಟ್ಟು ಒತ್ತಿಸಿಕೊಂಡರು. ನಿನಗೆ ಓದು ಕಲಿಸಿ ಅದನ್ನೇ ಮಾಡಿದ್ದಾರೆ.

ಧೈರ್ಯವಾಗಿರು. ಅಮ್ಮನ ಆಶೀರ್ವಾದ, ಜೊತೆಗೆ ಸರಿಯಾಗಿ ಊಟ ಮಾಡೆಂಬ ಬೈಗುಳ.

ನಿನ್ನ ಅಣ್ಣ

ವಿ.ಸೂ.: ನರ್ಸಮ್ಮಾ, ಇದನ್ನು ಅವಳ ಪಕ್ಕದಲ್ಲಿ ಕೂತು ಓದಿ. ತಂಗೀ, ಮೇಲೆ ಬರೆಯಲು ಮನಸ್ಸಾಗಲಿಲ್ಲ. ಅಂದು ನಿನ್ನ ಜೊತೆಯೇ ಸುಟ್ಟುಕೊಂಡ ಪಕ್ಕದ ಮೇಜಿನ ಅಕ್ಕ ಶುಕ್ರವಾರ ತೀರಿಕೊಂಡರು. ಇನ್ನು ಆ ಸಾವನ್ನೂ ನಿನ್ನ ತಲೆಗೆ ಕಟ್ಟುತ್ತಾರೆ. ಪೊಲೀಸರು ಬಂದರೆ, ಅದು ಪಾಠ, ನನ್ನ ಕೆಲಸವಲ್ಲ ಎಂದು ನಮ್ಮ ಮಾತಿನಲ್ಲೇ ಹೇಳು. ಇಂದು ಪತ್ರಿಕೆಗೂ ಬರೆದಿದ್ದೇನೆ: ಆ ಪೈಪು ನೋಡಿಕೊಳ್ಳಲು ಸಂಬಳ ಕೊಟ್ಟು ಇಟ್ಟಿದ್ದ ಮನುಷ್ಯ ಯಾರು? ಯಾರೂ ಇರಲಿಲ್ಲವೆಂದರೆ, ಸತ್ತವಳ ಮಕ್ಕಳ ಮುಂದೆ, ಊರಿನವರೆಲ್ಲರ ಮುಂದೆ, ವ್ಯವಸ್ಥಾಪಕರು ಅದನ್ನು ಬಾಯಿಬಿಟ್ಟು ಹೇಳಲಿ.