ಹೊರೆ ಎತ್ತಿಕೊಡುವವರು

ಚಿತ್ರಶಾಲೆಯ ದೊಡ್ಡ ಸಾಹೇಬರಿಗೆ ನಮಸ್ಕಾರ.

ಹುಲ್ಲು ಕೊಯ್ಯುವ ಹೆಂಗಸರ ಚಿತ್ರದ ಕೆಳಗೆ ‘ಕೈಯೆತ್ತಿ ಸೂರ್ಯನಿಗೆ ನಮಿಸುತ್ತಿರುವ ಹೆಣ್ಣು’ ಎಂದು ಬರೆಸಿದ್ದೀರಿ. ಅವಳಿಗೆ ಅಷ್ಟು ಪುರುಸೊತ್ತೆಲ್ಲಿ ಸ್ವಾಮಿ? ಕಾಲ ಬಳಿ ಕಟ್ಟಿಟ್ಟ ಹೊರೆ ನೋಡಿ. “ಬಾರೇ, ಸ್ವಲ್ಪ ಎತ್ತಿಕೊಡು” ಎಂದು ಕರೆಯುತ್ತಿದ್ದಾಳೆ. ಎಂಥ ಹೊರೆಯನ್ನೂ ಒಬ್ಬಳೇ ಹೊರಬಹುದು. ತಲೆಗೇರಿಸಲು ಮಾತ್ರ ಇನ್ನೊಬ್ಬಳು ಬೇಕು. ನನಗೆ ನಮ್ಮ ಅತ್ತಿಗೆ ಇದ್ದರು. ಅವರು ತೀರಿಕೊಂಡ ಮೇಲೆ ಹುಲ್ಲಿನ ಕೆಲಸ ಬಿಟ್ಟು ಇಲ್ಲಿ ಪೊರಕೆ ಹಿಡಿದೆ.

ಸೋಮವಾರದಿಂದ ನನ್ನನ್ನು ಮೇಲಿನ ಮಹಡಿಗೆ ಹಾಕಿದ್ದೀರಂತೆ. ಬರಹ ತಿದ್ದದಿದ್ದರೂ ಚಿಂತೆಯಿಲ್ಲ, ಕೆಳಗೆ ಆ ಚಿತ್ರವಿರುವ ಕೋಣೆ ಗುಡಿಸುವುದು ನನಗೇ ಇರಲಿ. ಚಿತ್ರದಲ್ಲಿ ಮಿಕ್ಕವರು ಯಾರೂ ಬಗ್ಗಿದ ತಲೆ ಎತ್ತಿಲ್ಲ. ಅವಳ ಕೂಗು ಕೇಳಿಸಿಕೊಂಡವಳು ನಾನೊಬ್ಬಳೇ. ನಾನೂ ಹೊರಟುಹೋದರೆ ಹೇಗೆ?

ಇಷ್ಟು ಅರಿಕೆ,
ಕೆಳಮಹಡಿ ಗುಡಿಸುವವಳು